ಜೋನ್ ಜಾಯ್ಸ್ ಸಾಧನೆಗೆ ಸರಿಯಾದ ಅಳತೆಗೋಲು

ಅಮೆರಿಕದ ಸಾಫ್ಟ್‌ಬಾಲ್ ಆಟಗಾರ್ತಿ ಜೋನ್ ಜಾಯ್ಸ್ (1940–2022) ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಟೆಡ್ ವಿಲಿಯಮ್ಸ್ ಪ್ರಸಂಗದಿಂದಲೇ ಶುರುಮಾಡುತ್ತಾರೆ. 1941ರ ಋತುವಿನಲ್ಲಿ .406 ಬ್ಯಾಟಿಂಗ್ ಸರಾಸರಿ ಸಾಧಿಸಿದ್ದ ಈ ಬೇಸ್‌ಬಾಲ್ ದಿಗ್ಗಜ, ನಿವೃತ್ತಿಯ ನಂತರ ಜಾಯ್ಸ್ ಅವರ ಹುಟ್ಟೂರಾದ ವಾಟರ್‌ಬರಿಯಲ್ಲಿ ನಡೆದ ಪ್ರದರ್ಶನ ಪಂದ್ಯದಲ್ಲಿ ಅವರ ಎಸೆತಗಳೆದುರು ತಡಕಾಡಿದರು. ಪ್ರಸಂಗ ನಿಜ, ರೋಚಕವೂ ಹೌದು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹವ್ಯಾಸಿ ಆಟವನ್ನು ತೂಗಲು ಇದು ತೀರಾ ದುರ್ಬಲವಾದ ಸಾಕ್ಷ್ಯ. ಅಂದಿನ ಮಹಿಳಾ ಸಾಫ್ಟ್‌ಬಾಲ್‌ನಲ್ಲಿ ಪಿಚರ್ ನಿಲ್ಲುತ್ತಿದ್ದುದು 40 ಅಡಿ ದೂರದಲ್ಲಿ. ಬೇಸ್‌ಬಾಲ್‌ನಲ್ಲಿ ಆ ದೂರ 60 ಅಡಿ 6 ಅಂಗುಲ. ಗಂಟೆಗೆ 60 ಮೈಲಿ ವೇಗದಲ್ಲಿ 40 ಅಡಿಯಿಂದ ಬರುವ ಚೆಂಡು ಬ್ಯಾಟರ್‌ಗೆ ಕೊಡುವ ಸಮಯ, 90 ಮೈಲಿ ವೇಗದ ಬೇಸ್‌ಬಾಲ್ ಕೊಡುವಷ್ಟೇ. ಜೊತೆಗೆ ಸೊಂಟದ ಕೆಳಗಿನಿಂದ ಹೊರಡುವ ಚೆಂಡಿನ ದಾರಿಯೇ ಬೇರೆ. ಆ ಆಟದ ಅಭ್ಯಾಸವಿಲ್ಲದ ಯಾವ ಮಹಾನ್ ಬ್ಯಾಟರ್ ಆದರೂ ಅಲ್ಲಿ ಎಡವುವುದು ಸಹಜ. ಗಂಡಸೊಬ್ಬನನ್ನು ಸೋಲಿಸಿದ್ದೇ ಹೆಣ್ಣಿನ ಆಟಕ್ಕೆ ಸಿಕ್ಕ ಅರ್ಹತಾಪತ್ರ ಎಂದು ಒಪ್ಪಿಕೊಂಡರೆ, ಆಕೆ ನಿಜವಾಗಿ ಯಾರೆದುರು, ಎಷ್ಟು ಕಾಲ ಗೆದ್ದರು ಎಂಬ ಮುಖ್ಯ ಸಂಗತಿ ಮರೆಯಾಗುತ್ತದೆ.

ಆ ಸಂಗತಿ ಇರುವುದು ಹೆಣ್ಣುಮಕ್ಕಳ ಲೀಗ್‌ಗಳಲ್ಲಿ, ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ. ಜಾಯ್ಸ್ 1954ರಲ್ಲಿ, ಇನ್ನೂ ಹದಿಹರೆಯದಲ್ಲೇ, ಕನೆಕ್ಟಿಕಟ್‌ನ ಸ್ಟ್ರಾಟ್‌ಫರ್ಡ್‌ನ ರೇಬೆಸ್ಟಸ್ ಬ್ರೇಕೆಟ್ಸ್ ತಂಡ ಸೇರಿದರು. 1964ರಿಂದ 1966ರವರೆಗೆ ಕ್ಯಾಲಿಫೋರ್ನಿಯಾದ ಆರೆಂಜ್ ಲಯನೆಟ್ಸ್ ಪರ ಆಡಿ, ಮತ್ತೆ ಬ್ರೇಕೆಟ್ಸ್‌ಗೆ ಮರಳಿ 1975ರವರೆಗೂ ಉಳಿದರು. ಅವರ ಹೆಸರಿನಲ್ಲಿರುವ ದಾಖಲೆ 753 ಗೆಲುವು, 42 ಸೋಲು. ಅಂದರೆ ಸರಾಸರಿ ವರ್ಷಕ್ಕೆ ಎರಡೇ ಸೋಲು. ಎದುರಾಳಿಗೆ ಒಂದೂ ಹಿಟ್ ಕೊಡದ ನೋ-ಹಿಟರ್ ಪಂದ್ಯಗಳು ಸುಮಾರು 150. ಒಬ್ಬ ಬ್ಯಾಟರ್‌ಳನ್ನೂ ಬೇಸ್ ತಲುಪಲು ಬಿಡದ ಪರ್ಫೆಕ್ಟ್ ಗೇಮ್‌ಗಳು ಸುಮಾರು 50. ಒಂದು ಒಳ್ಳೆಯ ದಿನ ಯಾರಿಗಾದರೂ ಒದಗೀತು. ತೋಳು, ಕಣ್ಣು, ಏಕಾಗ್ರತೆಯನ್ನು ಎರಡು ದಶಕ ಒಂದೇ ಹದದಲ್ಲಿ ಇಟ್ಟುಕೊಂಡದ್ದೇ ಅವರ ದೊಡ್ಡ ಕೃತಿ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಸ್ಪರ್ಧೆ ತೆಳುವಾಗಿತ್ತು, ಕಂಪನಿಯ ಬೆಂಬಲದ ಬಲಿಷ್ಠ ತಂಡದಲ್ಲಿ ಯಾರು ಎಸೆದರೂ ಗೆಲುವು ಖಚಿತವಾಗಿತ್ತು, 40 ಅಡಿಯ ನಿಯಮವೇ ಪಿಚರ್‌ಗಳ ಪರವಾಗಿತ್ತು. ನಿಯಮದ ಮಾತು ನಿಜ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಮುಂದೆ ಆ ದೂರವನ್ನು 43 ಅಡಿಗೆ ಏರಿಸಬೇಕಾಯಿತು. ಆದರೆ ಆ ಅನುಕೂಲ ಎದುರಾಳಿ ಪಿಚರ್‌ಗೂ ಇತ್ತು. ರನ್ನುಗಳೇ ಅಪರೂಪವಾದ ಆಟದಲ್ಲಿ ಒಂದು ತಪ್ಪು ಎಸೆತ ಪಂದ್ಯವನ್ನೇ ಕಳೆಯಬಲ್ಲದು. ಸ್ಪರ್ಧೆ ತೆಳುವಾಗಿತ್ತೆಂಬ ವಾದವನ್ನು ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿಯೇ ಅಲ್ಲಗಳೆಯುತ್ತದೆ. 1961, 1962ರಲ್ಲಿ ಜಾಯ್ಸ್ ಇದ್ದ ಬ್ರೇಕೆಟ್ಸ್ ಕೈಗೆ ಪ್ರಶಸ್ತಿ ಸಿಗಲಿಲ್ಲ. ಅದು ಕ್ಯಾಲಿಫೋರ್ನಿಯಾಕ್ಕೆ ಹೋಯಿತು. 1964ರಲ್ಲಿ ಪೋರ್ಟ್‌ಲ್ಯಾಂಡ್‌ನ ಎರ್ವ್ ಲಿಂಡ್ ಫ್ಲೋರಿಸ್ಟ್ಸ್, 1965ರಲ್ಲಿ ಲಯನೆಟ್ಸ್, 1966ರಲ್ಲಿ ಬ್ರೇಕೆಟ್ಸ್ ಗೆದ್ದವು. ಮೂರು ವರ್ಷ, ಮೂರು ವಿಜೇತರು. ಜಾಯ್ಸ್ ಇದ್ದೂ ಸೋತ ತಂಡಗಳಿವೆ, ಅವರಿಲ್ಲದೆಯೂ ಗೆದ್ದ ತಂಡಗಳಿವೆ ಎಂದಮೇಲೆ ಎದುರಾಳಿಗಳು ನಿಜವಾದ ಎದುರಾಳಿಗಳೇ ಆಗಿದ್ದರು. ಬ್ಯಾಟಿಂಗ್‌ನಲ್ಲೂ .327 ಸರಾಸರಿ ಇದ್ದ ಜಾಯ್ಸ್, ಪಿಚರ್‌ಗಳ ಕಾಲದಲ್ಲಿ ಪಿಚರ್‌ಗಳನ್ನು ಎದುರಿಸುವುದನ್ನೂ ಬಲ್ಲವರಾಗಿದ್ದರು. 1974ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲೇ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರೇಕೆಟ್ಸ್ ಅಮೆರಿಕದ ಪರ ಆಡಿ ಗೆದ್ದಾಗ ಈ ಮೇಲುಗೈ ದೇಶದ ಗಡಿಯನ್ನೂ ದಾಟಿತು.

ಇಷ್ಟು ಹೇಳಿದ ಮೇಲೆ ಹವ್ಯಾಸಿ ವ್ಯವಸ್ಥೆಯನ್ನು ಹಾಡಿ ಹೊಗಳುವ ಆಸೆ ಹುಟ್ಟುತ್ತದೆ: ದುಡ್ಡಿನ ಹಂಗಿಲ್ಲದ, ಆಟಕ್ಕಾಗಿ ಆಡಿದ ಕಾಲ ಎಂದು. ಈ ಹೊಗಳಿಕೆಯನ್ನು ಒಪ್ಪಲಾಗದು. ಬ್ರೇಕ್ ಭಾಗಗಳನ್ನು ತಯಾರಿಸುತ್ತಿದ್ದ ರೇಬೆಸ್ಟಸ್ ಕಾರ್ಖಾನೆ ಮೈದಾನ, ಸಮವಸ್ತ್ರ, ಪ್ರಯಾಣ ಒದಗಿಸಿದ್ದರಿಂದ ಆ ತಂಡ ಬಾಳಿತು. ಆ ಪೋಷಣೆಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ತನ್ನ ಆಟದಲ್ಲಿ ಜಗತ್ತಿಗೇ ಶ್ರೇಷ್ಠಳಾದ ಹೆಣ್ಣು ಆ ಆಟದಿಂದ ಬದುಕು ಕಟ್ಟಿಕೊಳ್ಳುವಂತಿರಲಿಲ್ಲ. 1976ರಲ್ಲಿ ಜಾಯ್ಸ್, ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಮೊದಲಾದವರೊಂದಿಗೆ ಕಟ್ಟಿದ ವೃತ್ತಿಪರ ಲೀಗ್ ನಾಲ್ಕೇ ಋತುಗಳಲ್ಲಿ ಮುಚ್ಚಿತು. ಅವರು ವೃತ್ತಿಪರ ಗಾಲ್ಫ್‌ಗೆ ಹೋದರು. 1982ರಲ್ಲಿ ಒಂದೇ ಸುತ್ತನ್ನು ಬರೀ 17 ಪಟ್‌ಗಳಲ್ಲಿ ಮುಗಿಸಿ ಅಲ್ಲೂ ದಾಖಲೆ ಬರೆದರು. ಸಾಫ್ಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದು 1996ರಲ್ಲಿ. ಆಗ ಅವರಿಗೆ 55 ವರ್ಷ. ಅವರ ತ್ಯಾಗವನ್ನು ಕೊಂಡಾಡುವ ಬದಲು, ಆ ತ್ಯಾಗವನ್ನು ಬೇಡಿದ ವ್ಯವಸ್ಥೆಯನ್ನು ಪ್ರಶ್ನಿಸುವುದು ನ್ಯಾಯ.

ಅವರು ಕಹಿಯಾಗಿ ಆಟ ಬಿಟ್ಟವರಲ್ಲ. ಫ್ಲೋರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ಬಾಲ್ ತಂಡ ಕಟ್ಟಿ, ಸಾಯುವವರೆಗೂ ತರಬೇತಿ ಕೊಟ್ಟು, ಸಾವಿರಕ್ಕೂ ಹೆಚ್ಚು ಗೆಲುವು ಕಂಡರು. ತಮಗೆ ಸಿಗದ ವಿದ್ಯಾರ್ಥಿವೇತನ, ಪೂರ್ಣಾವಧಿ ತರಬೇತಿ ಮುಂದಿನ ಹುಡುಗಿಯರಿಗೆ ಸಿಗುವ ಕಡೆ ಅವರು ದುಡಿದರು ಎಂಬುದು ಆ ದೀರ್ಘ ಆಟದ ಬದುಕಿಗೆ ತಕ್ಕ ಮುಂದುವರಿಕೆ. ಆದ್ದರಿಂದ ಜಾಯ್ಸ್ ಅವರನ್ನು ನೆನೆಯುವಾಗ ವಿಲಿಯಮ್ಸ್ ಹೆಸರನ್ನು ಅಡಿಟಿಪ್ಪಣಿಗೆ ಸರಿಸಬೇಕು. ಅವರೆದುರು ವರ್ಷವರ್ಷವೂ ಬ್ಯಾಟು ಹಿಡಿದು ನಿಂತ ಹೆಣ್ಣುಮಕ್ಕಳ ಆಟದ ಚರಿತ್ರೆಯನ್ನು ಮುಖ್ಯ ಪುಟಕ್ಕೆ ತರಬೇಕು. ಆ ಹೆಣ್ಣುಮಕ್ಕಳ ಆಟವನ್ನು ಗೌರವಿಸದೆ ಜಾಯ್ಸ್ ಅವರ ಗೆಲುವುಗಳನ್ನು ಗೌರವಿಸಲು ಬರುವುದಿಲ್ಲ.