ಕೊಂಡ ಚಿತ್ರ, ಕೇಳಿ ಪಡೆದ ಚಿತ್ರ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಹೊಸದಾಗಿ ಕಟ್ಟಿಸಿದ ಮನೆಗಳ ಗೃಹಪ್ರವೇಶಕ್ಕೆ ಹೋದವರಿಗೆಲ್ಲ ಒಂದು ಸಂಗತಿ ಕಂಡಿರಬೇಕು. ಪಡಸಾಲೆಯ ದೊಡ್ಡ ಗೋಡೆಯ ಮೇಲೆ ಒಂದು ಚಿತ್ರ ತೂಗುತ್ತಿರುತ್ತದೆ. ಓಡುತ್ತಿರುವ ಏಳು ಬಿಳಿಯ ಕುದುರೆಗಳು, ಅಥವಾ ರಾಧಾಕೃಷ್ಣರು, ಅದೂ ಅಲ್ಲವಾದರೆ ಯಾವ ದೇಶದ್ದೆಂದು ಹೇಳಲಾಗದ ಒಂದು ಜಲಪಾತ. ಯಂತ್ರ ಅಚ್ಚೊತ್ತಿದ ಕ್ಯಾನ್ವಾಸು. ಸೋಫಾದ ಬಣ್ಣಕ್ಕೆ ಒಪ್ಪುವಂತೆ ಆರಿಸಿ ತಂದದ್ದು. ಮನೆಯ ಯಜಮಾನರು ನೆಲದ ಗ್ರಾನೈಟು ಎಲ್ಲಿಂದ ಬಂತು, ಬಾಗಿಲಿನ ತೇಗಕ್ಕೆ ಎಷ್ಟಾಯಿತು ಎಂಬುದನ್ನು ಉತ್ಸಾಹದಿಂದ ವಿವರಿಸುತ್ತಾರೆ. ಚಿತ್ರ ಬರೆದವರಾರು ಎಂದು ಕೇಳಿದರೆ ನಕ್ಕುಬಿಡುತ್ತಾರೆ. ಅವರನ್ನು ದೂಷಿಸುವಂತಿಲ್ಲ. ಹೇಳೋಣವೆಂದರೆ ಚಿತ್ರದ ಮೇಲೆ ಹೆಸರೇ ಇರುವುದಿಲ್ಲ.

ಅಚ್ಚಿನ ಚಿತ್ರವೆಂದರೆ ಮೂಗು ಮುರಿಯುವ ರಸಿಕರ ಗುಂಪಿಗೆ ನಾನು ಸೇರಿದವನಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮೀ ಸರಸ್ವತಿಯರು ಅರಮನೆಯ ಗೋಡೆಯಿಂದ ಇಳಿದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಕ್ಕೂ ಅಡುಗೆಮನೆಯ ಗೂಡಿಗೂ ಬಂದರು. ಗುಡಿಯೊಳಗೆ ಕಾಲಿಡಲು ಬಿಡದಿದ್ದವರ ಮನೆಗೂ ದೇವರ ಮುಖ ಹೋಯಿತು. ಅದು ಸಣ್ಣ ಕೆಲಸವಲ್ಲ. ಆದರೆ ಆ ಅಚ್ಚಿನ ಹಿಂದೆ ಒಂದು ಮೂಲವಿತ್ತು. ಒಬ್ಬ ಮನುಷ್ಯ ನಿಂತು ಬರೆದ, ಅಳಿಸಿದ, ತಿದ್ದಿದ ಮೂಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರದ ಎದುರು ನಿಂತವರಿಗೆ, ಅಚ್ಚು ಎಷ್ಟನ್ನು ಹೊತ್ತು ತಂದಿತು, ಎಷ್ಟನ್ನು ಬಿಟ್ಟು ಬಂತು ಎಂಬುದು ಒಡನೆಯೇ ತಿಳಿಯುತ್ತದೆ.

ನನ್ನ ಆಕ್ಷೇಪಣೆ ಬೇರೆ. ಚಿತ್ರಕಾರರೇ ಇಲ್ಲದ ಊರಿನ ಗೋಡೆಗಳ ಮೇಲೆ ಅಚ್ಚಿನ ಕುದುರೆಗಳು ಓಡುವುದಾದರೆ ಓಡಲಿ. ದಾವಣಗೆರೆ ಅಂಥ ಊರಲ್ಲ. ಬಡಾವಣೆಗೆ ಯಾರ ಹೆಸರನ್ನಿಟ್ಟಿದ್ದೇವೋ ಆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗಲೇ, 1964ರಲ್ಲಿ, ಇಲ್ಲಿ ಚಿತ್ರಕಲೆಯ ಶಾಲೆಯೊಂದು ಆರಂಭವಾಯಿತು. ಅದೇ ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಅರುವತ್ತು ವರ್ಷಗಳಿಗೂ ಮೀರಿ ಹುಡುಗರು ಹುಡುಗಿಯರು ಅಲ್ಲಿ ಕುಂಚ ಹಿಡಿಯುವುದನ್ನು ಕಲಿತು ಹೊರಬಿದ್ದಿದ್ದಾರೆ. ಕೆಲವರು ಬೆಂಗಳೂರು ಸೇರಿದರು, ಕೆಲವರು ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. ಅಂಗಡಿಗಳ ಬೋರ್ಡು ಬರೆದು ಬದುಕಬಹುದಾಗಿದ್ದವರ ಅನ್ನವನ್ನು ಫ್ಲೆಕ್ಸು ಕಸಿದುಕೊಂಡಿತು. ಇಲ್ಲೇ ಇದ್ದು, ಬರೆದೇ ಬದುಕುತ್ತೇನೆ ಎನ್ನುವವನಿಗೆ ಊರು ಏನು ಕೊಟ್ಟಿತು ಎಂದು ಕೇಳಿದರೆ ಲೆಕ್ಕ ಬಹಳ ಬೇಗ ಮುಗಿಯುತ್ತದೆ.

ಕಲೆಗೆ ಕಾಸು ಕೊಟ್ಟು ಅಭ್ಯಾಸವಿಲ್ಲದ ಊರೇ ಇದು? ಅಲ್ಲ. ಚಿಂದೋಡಿ ಲೀಲಾ ಅವರ ಕಂಪನಿಯ ನಾಟಕಗಳನ್ನು ಟಿಕೀಟು ಕೊಂಡು ನೋಡಿದ ಊರು. ಕಾಡು, ಅರಮನೆ, ಬೀದಿಗಳನ್ನು ಬರೆದ ಪರದೆಗಳು ಇಳಿಯುವುದನ್ನೂ ಏಳುವುದನ್ನೂ ನಮ್ಮ ಹಿರಿಯರು ದುಡ್ಡು ಕೊಟ್ಟೇ ನೋಡಿದರು. ಪರದೆಯ ಮೇಲಿನ ಚಿತ್ರಕ್ಕೆ ಬಿಚ್ಚಿದ ಕೈಚೀಲ ಚೌಕಟ್ಟಿನೊಳಗಿನ ಚಿತ್ರಕ್ಕೆ ಏಕೆ ಬಿಚ್ಚಲಿಲ್ಲ?

ನನಗೆ ತೋರುವ ಮಟ್ಟಿಗೆ, ಚಿತ್ರವನ್ನು ನಾವು ಕೊಳ್ಳತಕ್ಕ ವಸ್ತುವೆಂದು ತಿಳಿದಿಲ್ಲ; ಕೇಳಿ ಪಡೆಯತಕ್ಕ ವಸ್ತುವೆಂದು ತಿಳಿದಿದ್ದೇವೆ. ‘ನಮಗೂ ಒಂದು ಬರೆದುಕೊಡಪ್ಪಾ, ನಿನ್ನ ನೆನಪಿಗಿರಲಿ’ ಎಂಬ ಮಾತು ಕಿವಿಗೆ ಬೀಳದ ಚಿತ್ರಕಾರನನ್ನು ನಾನು ಕಂಡಿಲ್ಲ. ಪುಸ್ತಕ ಬರೆದವರಿಗೆ ಈ ಕಾಯಿಲೆಯ ಪರಿಚಯ ಉಂಟು. ನಮ್ಮಲ್ಲಿ ಅದರ ಹೆಸರು ಗೌರವಪ್ರತಿ. ಕೇಳಿ ಪಡೆದದ್ದರಿಂದ ಆಗುವ ನಷ್ಟ ಹಣದ್ದಷ್ಟೇ ಅಲ್ಲ. ಪುಕ್ಕಟೆ ಬಂದ ಚಿತ್ರವನ್ನು ಯಾರೂ ನಿಷ್ಠುರವಾಗಿ ನೋಡುವುದಿಲ್ಲ. ‘ಬಹಳ ಚೆನ್ನಾಗಿದೆ’ ಎಂದು ಮೊಳೆ ಹೊಡೆದುಬಿಡುತ್ತಾರೆ. ಐದು ಸಾವಿರ ರೂಪಾಯಿ ಕೊಡಬೇಕಾದವನು ಮಾತ್ರ ಎರಡು ಚಿತ್ರಗಳ ಮುಂದೆ ಓಡಾಡಿ, ಇದೇ ಏಕೆ, ಅದೇಕೆ ಬೇಡ ಎಂದು ತನ್ನನ್ನು ತಾನೇ ಕೇಳಿಕೊಳ್ಳುತ್ತಾನೆ. ವಿಮರ್ಶೆ ಶುರುವಾಗುವುದು ಅಲ್ಲಿ. ಚಿತ್ರಕಾರನಿಗೂ ಸುಮ್ಮನೆ ಬಂದ ನೂರು ಹೊಗಳಿಕೆಗಿಂತ, ಕೊಳ್ಳಲು ಬಂದು ಕೊಳ್ಳದೆ ಹೋದವನ ಒಂದು ಅನುಮಾನ ಹೆಚ್ಚು ಕಲಿಸೀತು.

ಬೆಲೆ ಕೇಳುವುದು ಕಲಾವಿದನಿಗೆ ತಕ್ಕದ್ದಲ್ಲವೆನ್ನುವವರು ಕೆ. ವೆಂಕಟಪ್ಪನವರನ್ನು ನೆನೆಯಬೇಕು. ಸನ್ಯಾಸಿಯಂತೆ ಬಾಳಿದವರು. ಆದರೂ 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಮೇಲೆ, ಅರಮನೆಗಾಗಿ ಮಾಡಿದ ಉಬ್ಬುಚಿತ್ರಗಳ ಹಣಕ್ಕೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸೋತರು. ದುಡ್ಡಿನ ಆಸೆಯಿಂದ ಅವರು ಅಲ್ಲಿಗೆ ಹೋದರೆಂದು ಅವರ ಜೀವನವನ್ನು ಬಲ್ಲವರಾರೂ ಹೇಳಲಾರರು.

ಇನ್ನು ನಮ್ಮ ಪ್ರದರ್ಶನಗಳು. ದೀಪ ಬೆಳಗಿಸುತ್ತಾರೆ, ಮುಖ್ಯ ಅತಿಥಿಗಳು ಕಲೆಗೂ ಜೀವನಕ್ಕೂ ಇರುವ ಸಂಬಂಧವನ್ನು ಅರ್ಧ ಗಂಟೆ ಹೇಳುತ್ತಾರೆ, ಹಾರ, ಶಾಲು, ಉಪ್ಪಿಟ್ಟು. ಬಳಿಕ ಗಣ್ಯರು ನಡಿಗೆಯ ವೇಗ ಕಡಮೆ ಮಾಡದೆಯೇ ನಲವತ್ತು ಚಿತ್ರಗಳನ್ನು ದಾಟುತ್ತಾರೆ. ಮರುದಿನ ಪತ್ರಿಕೆಯಲ್ಲಿ ಚಿತ್ರಗಳು ‘ಕಣ್ಮನ ಸೆಳೆದವು’ ಎಂದು ಬರುತ್ತದೆ. ಯಾವ ಚಿತ್ರ, ಏನನ್ನು ಬರೆದದ್ದು, ಯಾವ ಬಣ್ಣದಲ್ಲಿ? ಒಂದಕ್ಷರವಿಲ್ಲ. ಬೆಲೆಯ ಚೀಟಿಯಂತೂ ಇರುವುದೇ ಇಲ್ಲ. ಕೇಳಲು ಕೊಳ್ಳುವವನಿಗೆ ಸಂಕೋಚ, ಹೇಳಲು ಬರೆದವನಿಗೆ ಸಂಕೋಚ. ಮೂರನೆಯ ದಿನ ಚಿತ್ರಗಳೆಲ್ಲ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೊರಟುಹೋಗುತ್ತವೆ.

ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇಪ್ಪತ್ತು ವರ್ಷಗಳಿಂದೀಚೆಗೆ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತ ಬಂದಿರುವ ಚಿತ್ರಸಂತೆ ಈ ಸಂಕೋಚವನ್ನು ಬಹುಮಟ್ಟಿಗೆ ಮುರಿದಿದೆ. ರಸ್ತೆಯ ಬದಿಯಲ್ಲಿಟ್ಟ ಚಿತ್ರದ ಬೆಲೆಯನ್ನು ಯಾರು ಬೇಕಾದರೂ ಕೇಳಬಹುದು. ಆದರೆ ಸಂತೆ ಸಂತೆಯೇ. ಒಂದು ದಿನದ ನೂಕುನುಗ್ಗಲಿನಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ ಗೆಲ್ಲುತ್ತದೆ, ಮೆಲ್ಲಗೆ ಮಾತಾಡುವ ಚಿತ್ರ ಹಿಂದೆ ಉಳಿಯುತ್ತದೆ. ಮಹಾನಗರದ ದೊಡ್ಡ ಗ್ಯಾಲರಿಗಳದು ಬೇರೆ ಕಥೆ. ಅಲ್ಲಿನ ಗಾಜಿನ ಬಾಗಿಲೇ ಮೇಷ್ಟರುಗಳನ್ನು ಹೊರಗೆ ನಿಲ್ಲಿಸುತ್ತದೆ. ಊರಿನ ಚಿಕ್ಕ ಗ್ಯಾಲರಿ, ಅದು ಕಾಲೇಜಿನ ಒಂದು ಕೊಠಡಿಯೇ ಆಗಿರಲಿ, ಇವೆರಡೂ ಮಾಡಲಾರದ್ದನ್ನು ಮಾಡಬಲ್ಲದು. ಅಲ್ಲಿಗೆ ಸೋಮವಾರ ಹೋಗಬಹುದು, ಗುರುವಾರ ಮತ್ತೆ ಹೋಗಬಹುದು. ಮೊದಲ ದಿನ ಮರುಳು ಮಾಡಿದ್ದು ಮೂರನೆಯ ಭೇಟಿಗೆ ಬಡವಾಗಿ ಕಂಡೀತು. ಗಮನಿಸದೆ ದಾಟಿದ್ದು ಕರೆದೀತು. ಕವಿತೆಯನ್ನು ಎರಡನೆಯ ಸಲ ಓದದೆ ತೀರ್ಪು ಕೊಡಬೇಡಿ ಎಂದು ತರಗತಿಯಲ್ಲಿ ಹೇಳುವ ನಾವು, ಚಿತ್ರಕ್ಕೆ ಆ ಎರಡನೆಯ ಅವಕಾಶವನ್ನೇ ಕೊಟ್ಟಿಲ್ಲ.

ಒಂದು ಉದಾಹರಣೆಯನ್ನು ಸ್ವಂತ ಮನೆಯಿಂದಲೇ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಪ್ರದರ್ಶನವೊಂದರಲ್ಲಿ ಒಂದು ಜಲವರ್ಣವನ್ನು ಮೂರೂವರೆ ಸಾವಿರಕ್ಕೆ ಕೊಂಡೆ. ಹರಿಹರದ ಬಳಿ ಬೇಸಿಗೆಯ ತುಂಗಭದ್ರೆ. ಹಳೆಯ ಸೇತುವೆ, ಅದರಡಿ ಹರಿಯುವುದಕ್ಕಿಂತ ಹೆಚ್ಚಾಗಿ ನಿಂತೇ ಇರುವ ನೀರು, ಬಂಡೆಗಳು, ಮರಳು. ಸೇತುವೆಯ ಒಂದು ಕಮಾನು ಸೊಟ್ಟಗಿದೆ. ಆಕಾಶವನ್ನು ಅವಸರದಲ್ಲಿ ತೊಳೆದಂತಿದೆ. ನೀಲಿ ಒಂದೆಡೆ ಗಡ್ಡೆಕಟ್ಟಿದೆ. ಇವೆರಡನ್ನೂ ಬಲ್ಲೆ, ಹೆಂಡತಿಯೂ ಆಗಾಗ ಜ್ಞಾಪಿಸುತ್ತಾಳೆ. ಆದರೆ ಒದ್ದೆ ಮರಳನ್ನು ಆ ಹುಡುಗಿ ಬರೆದೇ ಇಲ್ಲ. ಸುತ್ತ ಮಸುಕು ಕಂದು ಹಚ್ಚಿ, ಮರಳಿನ ಜಾಗದಲ್ಲಿ ಕಾಗದವನ್ನು ಬರಿದೇ ಬಿಟ್ಟಿದ್ದಾಳೆ. ಬೆಳಿಗ್ಗೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಕಾಗದದ ಒರಟು ಮೈಯೇ ಮರಳಿನ ಕಣಗಳಾಗಿ ಹೊಳೆಯುತ್ತದೆ. ಸಂಜೆ ಅದೇ ಜಾಗ ತಣ್ಣಗಾಗುತ್ತದೆ. ಕೊಂಡ ದಿನ ಇದು ನನಗೆ ಕಂಡಿರಲಿಲ್ಲ. ಕಾಣಲು ಒಂದು ವರ್ಷ ಹಿಡಿಯಿತು. ಯಾವ ಅಚ್ಚಿನಲ್ಲೂ ಇದು ನಡೆಯಲಾರದು. ಅಚ್ಚಿನ ಮೈ ಒಂದೇ ಸಮ. ಬೆಳಗೂ ಸಂಜೆಯೂ ಅದಕ್ಕೆ ಒಂದೇ.

ಮೂಲವನ್ನು ಗುರುತಿಸುವ ಬಗೆಯೂ ಹೆಚ್ಚು ಕಡಮೆ ಇದೇ. ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು; ತೈಲವರ್ಣದಲ್ಲಿ ಕುಂಚದ ಏರುತಗ್ಗು ಕೈಗೆ ಸಿಕ್ಕುವಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಅಚ್ಚಿನಲ್ಲಿ ಚುಕ್ಕೆಗಳು ಬಯಲಾಗುತ್ತವೆ. ತಾಮ್ರದ ತಗಡಿನಲ್ಲಿ ಕೊರೆದು ಕಲಾವಿದನೇ ಒತ್ತಿದ ಎಚ್ಚಿಂಗನ್ನು ಮಾತ್ರ ಅಚ್ಚೆಂದು ತಳ್ಳಬಾರದು. ಅದೂ ಮೂಲವೇ, ಕೆಳಗೆ ಪೆನ್ಸಿಲಿನಲ್ಲಿ ಸಹಿಯೂ, ಒಟ್ಟು ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದೆಂಬ ಅಂಕಿಯೂ ಇರುತ್ತವೆ, ಕೈ ಸಣ್ಣದಿರುವವರಿಗೆ ಅನುಕೂಲವಾದ ದಾರಿ. ಕೊಂಡಾಗ ಹೆಸರು, ಮಾಧ್ಯಮ, ವರ್ಷಗಳನ್ನು ಬರೆಸಿ ರಸೀತಿ ಪಡೆಯಬೇಕು. ಜಲವರ್ಣವನ್ನು ಪಡುವಣ ಬಿಸಿಲು ಬೀಳುವ ಗೋಡೆಗೆ ಹಾಕಿದರೆ ನಮ್ಮೂರ ಬೇಸಿಗೆ ಕೆಲವೇ ವರ್ಷಗಳಲ್ಲಿ ಅದನ್ನು ತಿಂದುಹಾಕುತ್ತದೆ. ಇನ್ನೊಂದು ವಿಷಯ: ಚಿತ್ರ ನಿಮ್ಮದಾದರೂ ಅದರ ಹಕ್ಕುಸ್ವಾಮ್ಯ ಬರೆದುಕೊಡದ ಹೊರತು ಚಿತ್ರಕಾರನದೇ, ಕ್ಯಾಲೆಂಡರಿಗೆ ಅಚ್ಚು ಹಾಕಿಸಲು ನಿಮಗೆ ಅಧಿಕಾರವಿಲ್ಲ. ಮುಂದೆ ಹತ್ತು ಸಾವಿರಕ್ಕೆ ಮೀರಿದ ಬೆಲೆಗೆ ಮರುಮಾರಾಟವಾದರೆ, 1957ರ ಹಕ್ಕುಸ್ವಾಮ್ಯ ಕಾಯಿದೆಗೆ ಆಮೇಲೆ ಸೇರಿದ 53ಎ ವಿಧಿಯ ಪ್ರಕಾರ, ಶೇಕಡಾ ಹತ್ತಕ್ಕೆ ಮೀರದ ಒಂದು ಪಾಲು ಚಿತ್ರಕಾರನಿಗೆ ಸಲ್ಲಬೇಕು. ಕಾಯಿದೆಯಲ್ಲಿ ಅಂತೂ ಹಾಗಿದೆ.

ಸಂಗ್ರಹವೆಂದರೆ ಸಾಹುಕಾರರ ಮಾತು ಎಂದು ಕೈಚೆಲ್ಲುವವರಿದ್ದಾರೆ. ಉದ್ಯಮಿ ಎಚ್.ಕೆ. ಕೇಜ್ರಿವಾಲರು ದಶಕಗಳ ಕಾಲ ಕೂಡಿಸಿದ್ದನ್ನು 1995ರಲ್ಲಿ ಚಿತ್ರಕಲಾ ಪರಿಷತ್ತಿಗೆ ಕೊಟ್ಟರು. ಅದರಿಂದ ಬೆಂಗಳೂರಿಗೆ ಒಂದು ವಸ್ತುಸಂಗ್ರಹಾಲಯದಷ್ಟು ಸಂಪತ್ತು ದಕ್ಕಿತು. ಹತ್ತಿಯ ಗಿರಣಿಗಳಿಂದ ಬೆಳೆದ ನಮ್ಮ ಊರಿನ ಸಿರಿವಂತರು ಆ ಸಂಗ್ರಹವನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಮಿಕ್ಕವರಿಗೆ ವರ್ಷಕ್ಕೆ ಒಂದು ಚಿತ್ರ ಸಾಕು. ಮೊಬೈಲನ್ನು ಕಂತಿನಲ್ಲಿ ಕೊಳ್ಳುವ ನಮಗೆ ಚಿತ್ರವನ್ನು ಕಂತಿನಲ್ಲಿ ಕೊಳ್ಳಲು ಅಡ್ಡಿಯೇನು?

ಪ್ರದರ್ಶನ ನಡೆಸುವವರಲ್ಲಿ ನನ್ನ ಕೋರಿಕೆಗಳು ದೊಡ್ಡವಲ್ಲ. ಮೂರು ದಿನದ ಬದಲು ಮೂರು ವಾರ ಇಡಿ. ಕಚೇರಿ ಬಿಟ್ಟವರು ಬರುವಂತೆ ಸಂಜೆ ಎಂಟರವರೆಗೆ ಬಾಗಿಲು ತೆರೆದಿಡಿ. ಪ್ರತಿ ಚಿತ್ರದ ಪಕ್ಕದಲ್ಲಿ ಬೆಲೆಯ ಚೀಟಿ ಅಂಟಿಸಿ. ಭಾಷಣವನ್ನು ಬಿಟ್ಟು, ಚಿತ್ರಕಾರನನ್ನು ಒಂದು ಕುರ್ಚಿ ಹಾಕಿ ಕೂರಿಸಿ, ಕೇಳಿದವರಿಗೆ ಅವನೇ ಹೇಳಲಿ. ಕೊಳ್ಳಲೋ ಬೇಡವೋ ಎಂದು ತೂಗುವವರಿಗೆ ಎಂಟು ದಿನ ಮನೆಗೆ ಒಯ್ದು ಗೋಡೆಯ ಮೇಲೆ ನೋಡಲು ಬಿಡಿ. ಬೆಂಗಳೂರಿನಲ್ಲಿ ಇದು ಕಷ್ಟ. ಬರೆದವನ ತಂದೆಯನ್ನೂ ಒಯ್ದವನ ಅಂಗಡಿಯನ್ನೂ ಬಲ್ಲ ಊರಿನಲ್ಲಿ ಚಿತ್ರ ಎಲ್ಲಿಗೆ ಹೋದೀತು?