ಉಪದೇಶಕನ ವಾಕ್ಕಲೆ: ಅಗಸ್ಟೀನನ ಒರೆಗಲ್ಲು

ಕ್ರೈಸ್ತ ಉಪದೇಶಕಲೆಯ ಪ್ರಾಚೀನ ವಿವೇಚನೆಗಳಲ್ಲಿ, ಹಿಪ್ಪೋ ನಗರದ ಬಿಷಪನಾಗಿದ್ದ ಅಗಸ್ಟೀನನು ‘ಕ್ರೈಸ್ತ ಬೋಧನೆ’ಯನ್ನು ಕುರಿತು ರಚಿಸಿದ ಲ್ಯಾಟಿನ್ ಗ್ರಂಥದ ನಾಲ್ಕನೆಯ ಭಾಗವು ಮುಖ್ಯವಾದುದು. ಇದು ಕ್ರಿ. ಶ. 426ರ ಸುಮಾರಿಗೆ ಮುಗಿಯಿತು. ತಿಳಿಸುವುದು, ರಂಜಿಸುವುದು, ಮನವನ್ನು ಕದಲಿಸುವುದು ಎಂಬ ವಾಗ್ಮಿಯ ಮೂರು ಕರ್ತವ್ಯಗಳನ್ನೂ, ಅವಕ್ಕೊಪ್ಪುವ ಸರಳ, ಮಧ್ಯಮ, ಉದಾತ್ತ ಶೈಲಿಗಳನ್ನೂ ಆತನು ಸಿಸೆರೋವಿನಿಂದ ಪಡೆದನು. ಅವುಗಳನ್ನು ತಿಕ್ಕಿ ನೋಡುವ ಒರೆಗಲ್ಲು ಮಾತ್ರ ಆತನದೇ.

ಉತ್ತರ ಆಫ್ರಿಕದ ಮೌರಿಟೇನಿಯ ಪ್ರಾಂತದ ಕೈಸರೈಯ ಪಟ್ಟಣದಲ್ಲಿ ವರ್ಷಕ್ಕೊಮ್ಮೆ ಅಣ್ಣತಮ್ಮಂದಿರು, ತಂದೆಮಕ್ಕಳು ಕೂಡ ಎರಡು ಪಕ್ಷಗಳಾಗಿ ಹಲವು ದಿನ ಕಲ್ಲುಗಳಿಂದ ಹೊಡೆದಾಡುತ್ತಿದ್ದರು, ಕೊಲೆಗಳೂ ಆಗುತ್ತಿದ್ದುವು. ಅದನ್ನು ಬಿಡಿಸಲು ಅಗಸ್ಟೀನನು ಉದಾತ್ತ ಶೈಲಿಯಲ್ಲಿ ಮಾತನಾಡಿದನು. ಜನರು ಜಯಘೋಷ ಮಾಡಿದಾಗ, ಅವರಿಗೆ ಮಾತು ತಿಳಿಯಿತು, ಹಿಡಿಸಿತು ಎಂದಷ್ಟೇ ಎಣಿಸಿದನು. ಅತ್ತಾಗಲೇ ಮನಸ್ಸು ತಿರುಗಿತೆಂದು ಅರಿತನು.

ಆದರೆ ಕಣ್ಣೀರನ್ನಾದರೂ ನಂಬಬಹುದೆ? ತಾರುಣ್ಯದಲ್ಲಿ ಕಾರ್ಥೇಜಿನ ನಾಟಕಶಾಲೆಯಲ್ಲಿ ಕಲ್ಪಿತ ದುಃಖಕ್ಕೆ ಅತ್ತವನು ಆತನೇ. ಆದುದರಿಂದ ಆತನ ಮುಂದಿನ ಮಾತು ಗಮನಾರ್ಹ: ಎಂಟು ವರ್ಷ, ಅಥವಾ ಅದಕ್ಕೂ ಹೆಚ್ಚು ಕಾಲ, ಆ ಕಾಳಗವು ಮತ್ತೆ ನಡೆಯಲಿಲ್ಲ. ಆ ಭಾಷಣದ ಒಂದು ವಾಕ್ಯವನ್ನೂ ಅಲ್ಲಿ ಉದ್ಧರಿಸದೆ ಫಲವನ್ನು ಮಾತ್ರ ಹೇಳಿರುವುದು ವಾಕ್ಕಲೆಯ ಗ್ರಂಥದಲ್ಲಿ ಲೋಪವೆಂದು ತೋರಬಹುದು. ವಾಸ್ತವದಲ್ಲಿ ಅದು ಆತನ ಸಿದ್ಧಾಂತಕ್ಕೆ ಅನುಗುಣವಾಗಿಯೇ ಇದೆ. ಉಪದೇಶಕನ ಮಾತಿನ ಗಾಂಭೀರ್ಯಕ್ಕಿಂತ ಅವನ ನಡತೆಗೇ ತೂಕ ಹೆಚ್ಚೆಂದು ಆತನು ಸಾರಿರುವನು. ಹಾಗೆಯೇ ಕೇಳುವವರ ಪ್ರಶಂಸೆಗಿಂತ ಅವರ ನಡತೆಯೇ ಪ್ರಮಾಣ. ಕೈಯ ಕಲ್ಲು ಕೆಳಗೆ ಬಿದ್ದಲ್ಲದೆ ಉಪದೇಶವು ಮುಗಿದಂತಲ್ಲ.