ಚಲಚ್ಚಿತ್ರಸ್ಥಲಗಳೂ ಪ್ರವಾಸವಾಙ್ಮಯವೂ: ಬೆಳಗಾವಿ, ಖಾನಾಪುರಗಳ ನಿದರ್ಶನದಿಂದ ಒಂದು ವಿಮರ್ಶೆ

ಪ್ರವಾಸವಾಙ್ಮಯವು ಕನ್ನಡದಲ್ಲಿ ಹೊಸದಾದ ಪ್ರಕಾರವೇನೂ ಅಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯೂ ಶಿವರಾಮ ಕಾರಂತರ ‘ಅಬೂವಿಂದ ಬರಾಮಕ್ಕೆ’ಯೂ ಈ ಪ್ರಕಾರಕ್ಕೆ ಸಾಹಿತ್ಯದಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವು, ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ಸಂದಿತು. ಇತ್ತೀಚೆಗೆ ಈ ವೃಕ್ಷದಲ್ಲಿ ಮತ್ತೊಂದು ಶಾಖೆ ಒಡೆದಿದೆ. ಚಲಚ್ಚಿತ್ರದಲ್ಲಿ ಕಂಡ ಬೆಟ್ಟ, ಹೊಳೆ, ಮನೆ, ಕೋಟೆಗಳನ್ನು ಹುಡುಕಿಕೊಂಡು ಹೋಗಿ, ಕಂಡುದನ್ನು ಬರೆಯುವುದೇ ಈ ಶಾಖೆಯ ಲಕ್ಷಣ. ಇಂತಹ ಬರೆವಣಿಗೆಯನ್ನು ವಿದ್ವಾಂಸರು ಕ್ಷುಲ್ಲಕವೆಂದು ತಳ್ಳಿಹಾಕುವುದುಂಟು. ಆದರೆ ಓದುವವರು ಬಹಳವಾಗಿರುವ ಬರೆವಣಿಗೆಯನ್ನು ಪರೀಕ್ಷಿಸದೆ ಬಿಡುವುದು ವಿಮರ್ಶೆಯ ಧರ್ಮವಲ್ಲ. ಅದರ ಗುಣವೇನು, ದೋಷವೇನು, ಅದನ್ನು ಅಳೆಯತಕ್ಕ ಮಾನವಾವುದು ಎಂಬುದನ್ನು ಬೆಳಗಾವಿ ಪ್ರಾಂತದ ನಿದರ್ಶನಗಳಿಂದ ವಿಚಾರಮಾಡಬಹುದು.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕಥೆಯನ್ನು ಕೇಳಿ ಸ್ಥಲವನ್ನು ನೋಡಹೋಗುವ ಪದ್ಧತಿ ಚಲಚ್ಚಿತ್ರದಿಂದ ಹುಟ್ಟಿದುದಲ್ಲ. ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ಜನರು ಹೋಗುವುದು ರಾಮಾಯಣದ ಕಥೆಯನ್ನು ಕೇಳಿಯೇ. ಹಂಪೆಯ ಸುತ್ತಣ ಗುಡ್ಡಗಳನ್ನು ಕಿಷ್ಕಿಂಧೆಯೆಂದು ತೋರಿಸುವುದೂ ಹಾಗೆಯೇ. ಸ್ಥಲಪುರಾಣಗಳೆಲ್ಲವೂ ಒಂದು ರೀತಿಯಲ್ಲಿ ಕಥೆಗೂ ನೆಲಕ್ಕೂ ಗಂಟುಹಾಕಿದ ಬರೆವಣಿಗೆಗಳೇ. ಆದರೂ ಒಂದು ಭೇದವುಂಟು. ಸ್ಥಲಪುರಾಣವನ್ನು ಹೇಳಿದವನು ಸಾಮಾನ್ಯವಾಗಿ ಆ ಊರಿನ ನೀರು ಕುಡಿದವನು. ಅವನ ಕಥೆ ಅಲ್ಲಿಯ ಜಾತ್ರೆ, ವ್ರತ, ಹರಕೆಗಳೊಡನೆ ಬೆಳೆದುದು. ಚಿತ್ರವಾದರೋ ಕೆಲವು ದಿನಗಳಮಟ್ಟಿಗೆ ಬಂದು, ನೆಲದ ರೂಪವನ್ನು ಮಾತ್ರ ತೆಗೆದುಕೊಂಡು, ಹೆಸರನ್ನು ಬಿಟ್ಟು ಹೋಗುತ್ತದೆ. ರಾಮನಗರದ ಬೆಟ್ಟಗಳು ೧೯೭೫ರ ‘ಶೋಲೆ’ಯಲ್ಲಿ ರಾಮಗಢದ ಬೆಟ್ಟಗಳಾದವು. ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಮಾಲಿಕೆಯನ್ನು ಆಗುಂಬೆಯಲ್ಲಿ ತೆಗೆದುದರಿಂದ ಆಗುಂಬೆ ಮಾಲ್ಗುಡಿಯಾಯಿತು. ೨೦೨೦ರಲ್ಲಿ ಅರಸಾಳು ರೈಲುನಿಲ್ದಾಣದಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೇ ತೆರೆಯಿತು. ಭೂಪಟದಲ್ಲಿಲ್ಲದ ಊರಿಗೆ ನೆಲದ ಮೇಲೆ ಮನೆ ದೊರೆತುದು ಕಲ್ಪನೆಯ ಶಕ್ತಿಗೆ ಸಾಕ್ಷಿಯೇ ಸರಿ. ಆದರೆ ಆಗುಂಬೆಗೆ ಹೋಗಿ ಮಾಲ್ಗುಡಿಯನ್ನು ಮಾತ್ರ ಕಂಡು ಬಂದವನು ಆಗುಂಬೆಯ ವಿಷಯವಾಗಿ ಏನನ್ನೂ ಬರೆದಂತಾಗುವುದಿಲ್ಲ.

ಈ ಬರೆವಣಿಗೆಯ ಮೊದಲನೆಯ ದೋಷವೆಂದರೆ ಎರವಿನ ಕಣ್ಣು. ಇದಕ್ಕೆ ಖಾನಾಪುರ ತಾಲ್ಲೂಕಿನ ರೈಲುದಾರಿಯೇ ಸ್ಪಷ್ಟವಾದ ಉದಾಹರಣೆ. ೨೦೧೩ರ ‘ಚೆನ್ನೈ ಎಕ್ಸ್‌ಪ್ರೆಸ್’ ಎಂಬ ಹಿಂದೀ ಚಿತ್ರದಲ್ಲಿ ಮುಂಬಯಿಯಿಂದ ಹೊರಟ ಗಾಡಿ ದೂಧಸಾಗರ ಜಲಪಾತದ ಸೇತುವೆಯ ಮೇಲೆ ನಿಲ್ಲುತ್ತದೆ. ಮುಂಬಯಿಯಿಂದ ಮದರಾಸಿಗೆ ಹೋಗುವ ಮುಖ್ಯಮಾರ್ಗವು ಪುಣೆ, ಸೊಲ್ಲಾಪುರ, ವಾಡಿ, ರಾಯಚೂರುಗಳ ಮೇಲೆ ಸಾಗುವುದರಿಂದ ಆ ಗಾಡಿಗೂ ಆ ಜಲಪಾತಕ್ಕೂ ಸಂಬಂಧವಿಲ್ಲ. ಚಿತ್ರಕಾರನಿಗೆ ಈ ಸ್ವಾತಂತ್ರ್ಯವುಂಟು. ಅವನು ಭೂಗೋಲವನ್ನು ಬೋಧಿಸುವವನಲ್ಲ. ಆದರೆ ಪ್ರವಾಸಲೇಖಕನಿಗೆ ಅದಿಲ್ಲ. ಬೆಳಗಾವಿಯಿಂದ ಖಾನಾಪುರದ ಮೇಲೆ ಲೋಂಡಾ ಜಂಕ್ಷನ್ನಿಗೆ ಬಂದು, ಅಲ್ಲಿಂದ ಕ್ಯಾಸಲ್‌ರಾಕನ್ನು ದಾಟಿ ಗೋವೆಯ ಕಡೆಗೆ ಇಳಿಯುವ ದಾರಿಯನ್ನು ಹಿಡಿದ ಲೇಖಕನು, ಜಲಪಾತವು ಬರುವವರೆಗೆ ಕಣ್ಣು ಮುಚ್ಚಿಕೊಂಡು, ಸೇತುವೆ ಬಂದೊಡನೆ ನಟನಟಿಯರ ಹೆಸರನ್ನು ಹೇಳಿ ಮುಗಿಸಿದರೆ, ಅವನು ಚಿತ್ರವನ್ನು ಎರಡನೆಯ ಸಲ ನೋಡಿದನೇ ಹೊರತು ದಾರಿಯನ್ನು ನೋಡಲಿಲ್ಲ. ಕ್ಯಾಸಲ್‌ರಾಕಿನಿಂದ ಕುಳೆಯವರೆಗಿನ ಘಟ್ಟದಲ್ಲಿ ೩೭ ಅಡಿಗೆ ಒಂದು ಅಡಿಯ ಇಳಿಜಾರು; ಏರುವ ಗಾಡಿಗಳನ್ನು ಹಿಂದಿನಿಂದ ನೂಕಲು ಬೇರೆ ಎಂಜಿನುಗಳು ಬೇಕಾಗುತ್ತವೆ. ಖಾನಾಪುರದ ಕಾಡಿನಲ್ಲಿಯೇ ಹುಟ್ಟುವ ಎರಡು ನದಿಗಳಲ್ಲಿ ಮಲಪ್ರಭೆ ಕಣಕುಂಬಿಯಿಂದ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಮಹದಾಯಿಯು ಪಶ್ಚಿಮಕ್ಕೆ ಇಳಿದು ಮಾಂಡವಿಯೆಂಬ ಹೆಸರಿನಿಂದ ಪಡುಗಡಲನ್ನು ಸೇರುತ್ತದೆ. ಬರೆಯಬಲ್ಲವನಿಗೆ ಇಷ್ಟು ಸಾಮಗ್ರಿ ಸಾಲದೆ? ಎರವಿನ ಕಣ್ಣಿನಿಂದ ಅಪಾಯವೂ ಉಂಟು. ಚಿತ್ರದ ನೋಟವನ್ನು ಅರಸಿ ಹಳಿಗಳ ಮೇಲೆ ನಡೆಯುವವರ ಹಾವಳಿಯಿಂದಾಗಿ ೨೦೨೩ರ ಮಳೆಗಾಲದಲ್ಲಿ ರೈಲ್ವೆಯವರು ಜನರನ್ನು ತಡೆಯಬೇಕಾಯಿತು. ದಾರಿಯ ಸ್ವರೂಪವನ್ನು ಹೇಳದೆ ನೋಟವನ್ನು ಮಾತ್ರ ಹೊಗಳುವ ಲೇಖನಗಳಿಗೆ ಇದರಲ್ಲಿ ಪಾಲಿಲ್ಲವೆಂದು ಹೇಳಲಾಗದು.

ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದುದು. ಚಿತ್ರವನ್ನು ತೆಗೆದ ಸ್ಥಲವೇ ಬೇರೆ, ಚಿತ್ರದ ಕಥೆ ನಡೆದ ಸ್ಥಲವೇ ಬೇರೆ. ಕಿತ್ತೂರು ಮತ್ತು ನಂದಗಡಗಳು ಎರಡನೆಯ ವರ್ಗಕ್ಕೆ ಸೇರುತ್ತವೆ. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ೧೯೬೧ರಲ್ಲಿ ಬಂದಿತು. ನಾಗಣ್ಣನವರ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ೨೦೧೨ರಲ್ಲಿ ಬಂದಿತು. ಈ ಚಿತ್ರಗಳನ್ನು ಕಂಡವನು ಕಿತ್ತೂರಿಗೆ ಬಂದಾಗ ತುಂಬಿದ ಅರಮನೆಯನ್ನು ನಿರೀಕ್ಷಿಸುತ್ತಾನೆ; ಕಾಣುವುದು ಮುರಿದ ಗೋಡೆಗಳು, ಮಾಡಿಲ್ಲದ ಕೋಣೆಗಳು, ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ತೋರಿಸುವ ಒಂದು ರಂಧ್ರ. ಅವನ ಲೇಖನದಲ್ಲಿ ನಿರಾಶೆಯೇ ರಸವಾಗುತ್ತದೆ. ಆದರೆ ಹಾಳೇ ಇಲ್ಲಿಯ ಪ್ರಮಾಣ. ೧೮೨೪ನೆಯ ಇಸವಿ ಅಕ್ಟೋಬರ್ ೨೩ರಂದು ಕಲೆಕ್ಟರ್ ಥ್ಯಾಕರೆ ಸತ್ತುದೂ, ಅದೇ ಡಿಸೆಂಬರಿನಲ್ಲಿ ಕೋಟೆ ಬಿದ್ದುದೂ, ೧೮೨೯ರಲ್ಲಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡುದೂ ನಿಜವಾದುದರಿಂದಲೇ ಆ ಗೋಡೆಗಳು ಹಾಗಿವೆ. ಪೂರ್ಣವಾದ ಅರಮನೆ ನಿಂತಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಚಿತ್ರದ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಜವಾದ ಹಾಳನ್ನು ಕೊರತೆಯೆಂದು ಎಣಿಸುವವನು ಇತಿಹಾಸವನ್ನು ತಲೆಕೆಳಗಾಗಿ ಓದಿದಂತಾಯಿತು.

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಪ್ರಶ್ನೆಯು ಇನ್ನೂ ತೀಕ್ಷ್ಣವಾಗುತ್ತದೆ. ಅಲ್ಲಿ ೧೮೩೧ನೆಯ ಇಸವಿ ಜನವರಿ ೨೬ರಂದು ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದಮರಕ್ಕೆ ಮಕ್ಕಳನ್ನು ಬಯಸುವ ಹೆಣ್ಣುಮಕ್ಕಳು ಹರಕೆಹೊತ್ತು ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನ ನೆನಪು ಚಲಚ್ಚಿತ್ರಕ್ಕೆ ಬಹಳ ಮುಂಚೆ ಲಾವಣಿಯಲ್ಲಿಯೂ ಗೀಗೀ ಪದದಲ್ಲಿಯೂ ನಾಟಕದಲ್ಲಿಯೂ ಬಾಳಿತ್ತು. ಚಿತ್ರವು ಈ ಸಾಲಿನಲ್ಲಿ ಕಡೆಗೆ ಬಂದುದು. ಲಾವಣಿಯು ಊರಿನ ಕೊರಳಿನಲ್ಲಿ ಅಳುತ್ತದೆ. ನಾಟಕವು ವೀರವನ್ನು ಎತ್ತಿ ತೋರಿಸುತ್ತದೆ. ಚಿತ್ರವು ಮರಣದ ಕ್ಷಣವನ್ನು ಕಣ್ಣೆದುರು ನಿಲ್ಲಿಸುತ್ತದೆ. ತೊಟ್ಟಿಲು ಹೇಳುವ ಮಾತಾದರೋ ಇವುಗಳಲ್ಲಿ ಯಾವುದೂ ಅಲ್ಲ: ಗಲ್ಲಿನ ನೆಲದಲ್ಲಿ ಜನರು ಜನನವನ್ನು ಬೇಡುತ್ತಾರೆ. ಚಿತ್ರದ ಅಂತ್ಯದೃಶ್ಯವನ್ನು ನೆನೆದು, ಗಲ್ಲಿನ ಸ್ಥಲ ಎಲ್ಲಿದೆಯೆಂದು ಕೇಳಿ, ಮರಳಿದ ಲೇಖಕನಿಗೆ ಈ ವಿರೋಧಾಭಾಸ ಕಾಣುವುದೇ ಇಲ್ಲ. ಈ ಸೀಮೆಯಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಕಥೆಯನ್ನು ಚಿತ್ರದಿಂದಲೇ ತಿಳಿದುಕೊಂಡು ಬಂದವನಿಗೆ ಊರಿನವರನ್ನು ಕೇಳುವ ಅಗತ್ಯ ತೋರದಿರುವುದರಿಂದ, ಈ ಬಗೆಯ ಲೇಖನಗಳಲ್ಲಿ ಸ್ಥಲದ ಜನರು ಮಾತನಾಡುವುದೇ ಅಪೂರ್ವ.

ಚಿತ್ರದ ಬೆಳಕು ಬೀಳದ ಸ್ಥಲಗಳ ಗತಿಯನ್ನೂ ಯೋಚಿಸಬೇಕು. ಬೆಳಗಾವಿ ನಗರದಲ್ಲಿ ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಅದರ ನೆನಪಿಗೆ ಟಿಳಕವಾಡಿಯಲ್ಲಿ ವೀರಸೌಧವೂ, ಅಧಿವೇಶನಕ್ಕಾಗಿ ತೋಡಿದ ಬಾವಿಯೂ ಇವೆ. ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಪಲಾಶಿಕೆ; ಅಲ್ಲಿ ಭೂವರಾಹ ನರಸಿಂಹನ ದೇವಾಲಯವಿದೆ. ಇವೆರಡೂ ನಟನ ಹೆಸರಿನಿಂದ ಪ್ರಸಿದ್ಧವಾದುವಲ್ಲ. ಚಿತ್ರವನ್ನೇ ಮಾರ್ಗದರ್ಶಿಯಾಗಿ ಹಿಡಿದ ಬರೆವಣಿಗೆಗೆ ಬೆಳಗಾವಿಯು ಗಾಡಿ ಬದಲಿಸುವ ಊರೆಂದೂ ಹಲಸಿಯು ದಾರಿಯಲ್ಲಿಲ್ಲದ ಹಳ್ಳಿಯೆಂದೂ ತೋರುವುದು ಸಹಜವಾಗಿದೆ.

ಇಷ್ಟಾದರೂ ಚಿತ್ರವನ್ನು ದೂರುವುದು ನ್ಯಾಯವಲ್ಲ. ಇತಿಹಾಸಗ್ರಂಥವನ್ನು ಎಂದೂ ತೆರೆಯದ ಅನೇಕರಿಗೆ ಕಿತ್ತೂರಿನ ಹೆಸರು ಚಿತ್ರದಿಂದಲೇ ತಿಳಿಯಿತು. ಅವರಲ್ಲಿ ಕೆಲವರಾದರೂ ಆ ಗೋಡೆಗಳ ಮುಂದೆ ನಿಂತು ಕಥೆಗಿಂತ ನಿಜವು ದೊಡ್ಡದೆಂದು ಅರಿತಿರಬಹುದು. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರು ಚಿತ್ರದ ಮಾತಿನಿಂದ ಆರಂಭಿಸಿದರೆ ತಪ್ಪಿಲ್ಲ. ಅದರಲ್ಲಿಯೇ ಮುಗಿಸಿದರೆ ಮಾತ್ರ ತಪ್ಪು. ಚಿತ್ರವು ಬಾಗಿಲಾಗಬಹುದು, ಬಾಗಿಲನ್ನೇ ಮನೆಯೆಂದು ವರ್ಣಿಸುವ ಲೇಖಕನ ಮೇಲೆ ಮಾತ್ರ ಆಕ್ಷೇಪಣೆ.

ಆದುದರಿಂದ ಈ ಪ್ರಕಾರವನ್ನು ಅಳೆಯಲು ಒಂದು ಸರಳವಾದ ಮಾನವನ್ನು ಸೂಚಿಸಬಹುದು. ಲೇಖನದಿಂದ ಚಿತ್ರದ ಹೆಸರನ್ನೂ ನಟರ ಹೆಸರನ್ನೂ ತೆಗೆದುಹಾಕಿ ಓದಬೇಕು. ಆಗ ಓದತಕ್ಕದ್ದು ಏನಾದರೂ ಉಳಿದರೆ ಅದು ಪ್ರವಾಸವಾಙ್ಮಯ. ಏನೂ ಉಳಿಯದಿದ್ದರೆ ಅದು ಚಿತ್ರದ ಜಾಹೀರಾತಿನ ಶೇಷ. ರಾಮನಗರದ ರಾಮದೇವರಬೆಟ್ಟವು ೨೦೧೨ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿತವಾಯಿತು. ಅಲ್ಲಿಗೆ ಹೋದವನು ದರೋಡೆಗಾರನ ಬಂಡೆಯನ್ನು ಮಾತ್ರ ಕಂಡನೋ, ಮೇಲೆ ಹಾರುವ ಹದ್ದನ್ನೂ ಕಂಡನೋ ಎಂಬುದರಿಂದ ಅವನ ಬರೆವಣಿಗೆಯ ಯೋಗ್ಯತೆ ತಿಳಿಯುತ್ತದೆ. ನಂದಗಡಕ್ಕೆ ಹೋದವನ ವಿಷಯದಲ್ಲಿಯೂ ಹಾಗೆಯೇ: ಅವನ ಪುಟಗಳಲ್ಲಿ ಆಲದ ಕೊಂಬೆಯ ತೊಟ್ಟಿಲು ಇದೆಯೋ ಇಲ್ಲವೋ ಎಂದು ನೋಡಿದರೆ ಸಾಕು.